ಸೂರ್ಯನ ಗುಳಿಗಿ

ಅಕ್ಷರ ಬರದ ನಾವು ಕಲ್ತದ್ದು ಇಷ್ಟ:
ದವಾಖಾನಿ ಚೀಟಿಯೊಳಗ ಸಹಿ ಕೆಳಗ ಬಂತಂದ್ರ
ಚೀಟಿ ನೆಟ್ಟಗ ಹಿಡದೀವಿ.

ಇಮೆಲ್ಡಾ ಬಾಯಿ ಅದನ್ನ ಕಂಡಿದ್ಲು.
ಏನೂ ಅನಲಿಲ್ಲ. ಪೆನ್ನು ತಗೊಂಡು
ಒಂದು ಪಾಕೀಟಿನ ಮ್ಯಾಲ ಸೂರ್ಯನ್ನ ಬರದ್ಲು,
ಇನ್ನೊಂದರ ಮ್ಯಾಲ ಚಂದ್ರನ್ನ.
‘ಕಳ್ಳೆಂ?’ ಅಂದ್ಲು.
ನಮ್ಮಾಂವ ಗೋಣು ಹಾಕಿದ.
ಹೊರಗ ಬಂದು, ಸೂರ್ಯ ಯಾರಿಗೆ ತಿಳಿಯಂಗಿಲ್ಲ,
ನಾ ಏನು ಕೂಸೇನು, ಅಂದ.

ಖಾರಿವಾಡೊ ಜೆಟ್ಟಿಯೊಳಗ ಅಂವನ ಕೆಲಸ.
ರಾತ್ರಿ ಒಂಬತ್ತಕ್ಕ ಬುಟ್ಟಿ ಹೊತ್ತರ
ಬಂಗಡಿ, ತಾರ್ಲಿ, ಮತ್ತ ಬಂಗಡಿ,
ಐಸಿನ ನೀರು ಬೆನ್ನಗುಂಟ ಇಳಕೋತ
ಬೆಳಗ ಹರಿಯೂತನಕ.
ಬೈನಾದ ಖೋಲಿಗೆ ಬರೂದ್ರಾಗ
ಗುಡ್ಡದ ಹಿಂದ ಸೂರ್ಯ ಎದ್ದಿರತಾನ.
ಅಂವ ಸೂರ್ಯನ ಗುಳಿಗಿ ನುಂಗಿ
ಕೌದಿ ಮಾರಿ ಮ್ಯಾಲ ಎಳಕೊಂಡು ಮಲಗತಿದ್ದ.
ಉಣ್ಣೂದು? ಎದ್ದ ಮ್ಯಾಲ, ಮಧ್ಯಾಹ್ನ ಮೂರಕ್ಕ.
ಹದಿನಾಲ್ಕ ವರ್ಷದ ರೂಢಿ.

ಐದನೇ ದಿನ ಕೌದಿ ತೊಯ್ದಿತ್ತು.
ಉಚ್ಚಿ ಅಂದ್ಕೊಂಡೆ. ಬೆವರು.
ಕೈ ನಡಗತಿದ್ವು. ನನ್ನ ಮಾರಿ ನೋಡಿ
ಅವರವ್ವನ ಹೆಸರು ಹಿಡದು ಕರದ.
ಮಗ್ಗಲ ಖೋಲಿ ಯಮನವ್ವ ಚಾ ತಂದು
ಚಮಚದಲೆ ಬಾಯಿಗೆ ಹನಿಸಿದ್ಲು, ಸಕ್ರಿ ಸುರುವಿ.
ಸಕ್ರಿ ಬ್ಯಾನಿಯವಂಗ ಸಕ್ರಿ ಕೊಡತಿ ಏನ, ಅಂತ ನಾ ಬೈದೆ.
ಅಷ್ಟರಾಗ ಅಂವ ಕಣ್ಣು ಬಿಟ್ಟ.

ಅವತ್ತಿನಿಂದ ಓಣಿ ತುಂಬ ಒಂದ ಮಾತು:
ಬಿಟ್ಟಿ ಗುಳಿಗಿ ಅಂದ್ರ ಬಿಟ್ಟಿ ಸಾವು.
ನಮಗ ಘಾಂಟಿ ಅನ್ನೋ ಮಂದಿ
ನಮ್ಮ ಜೀವದ ಚಿಂತಿ ಮಾಡ್ತಾರೇನು?
ಪಾಕೀಟು ನಾಲಾಕ್ಕ ಒಗದ.
ನಾ ನಿಂತು ನೋಡಿದೆ.
ಚಂದ್ರ ಮೊದಲ ಹೋದ, ಸೂರ್ಯ
ಒಂದು ಪ್ಲಾಸ್ಟಿಕ್ ಚೀಲಕ್ಕ ಸಿಕ್ಕೊಂಡು ಜರಾ ತಡಾ ಮಾಡಿದ.

ತಿಂಗಳು ತುಂಬೂದ್ರಾಗ ಕಾಲಾಗಿನ ಹುಣ್ಣು ಬಾಯಿ ಬಿಟ್ಟಿತು,
ಮೀನಿನ ಮುಳ್ಳು ಚುಚ್ಚಿದ್ದು.
ಬೈಸಿಕೊಳ್ಳಾಕ ತಯಾರಾಗಿ ಹೋದ್ವಿ.
ಅದು ನಮಗ ಬರತೈತಿ:
ಚಪ್ಪಲಿ ಹೊರಗ, ತೆಲಿ ಕೆಳಗ.

ಕೊಂಕಣಿ ಈಚೆ, ಕನ್ನಡ ಆಚೆ ದಾಟಿಸಾಕ
ಮಗಳು ಕಸ್ತೂರಿ ಸಾಲಿ ಬಿಟ್ಟು ನಡುವ ನಿಂತಿದ್ಲು.
ಗುಳಿಗಿ ತಗೊಂಡ್ಯೋ?
ಹೌದ್ರಿ, ಅಂದ ಅಂವ.
ದಾಕ್ತಾರ ಮುಂದ ಇಲ್ಲ ಅನ್ನೂ ಶಬ್ದ
ನಮ್ಮ ಮನಿತನದಾಗ ಹುಟ್ಟಿಲ್ಲ.
ಕಸ್ತೂರಿ ಆ ಹೌದನ್ನ ದಾಟಿಸಲಿಲ್ಲ.
ತನ್ನಷ್ಟಕ್ಕ ತಾನ ಏನೋ ಅಂದ್ಲು, ಉದ್ದಕ.
‘ನಾಲಾ’ ಅನ್ನೂದು ಕಿವಿಗೆ ಬಿತ್ತು.
ನನ್ನ ಎದಿ ಧಸಕ್ ಅಂತು.

ಬಾಯಿ ಪೆನ್ನು ಕೆಳಗಿಟ್ಟು ಕೇಳಿದ್ಲು:
ಎಷ್ಟೊತ್ತಿಗೆ ಮಲಗತಿ? ಎಷ್ಟೊತ್ತಿಗೆ ಉಣ್ಣತಿ?
ಜೆಟ್ಟಿ ಸಾಹುಕಾರ ಕೇಳಿದ್ದಿಲ್ಲ ಇದನ್ನ,
ಮಠದ ಅಜ್ಜಾರು ಕೇಳಿದ್ದಿಲ್ಲ.
ಅಂವ ಹೇಳಿದ.
ಹೊರಗ ಪಾಳಿಯ ಗದ್ದಲ, ಒಳಗ ಪಂಖಾ.
ಆಕಿ ತನ್ನ ಎದಿ ಮ್ಯಾಲ ಬೆರಳಿಟ್ಟು
‘ಮ್ಹಜಿ ಚೂಕ್’ ಅಂದ್ಲು.
ಕಸ್ತೂರಿ ದಾಟಿಸಾಕ ಬಾಯಿ ತೆರದ್ಲು.
ಬ್ಯಾಡ ಬಿಡವಾ, ಅಂದ ಅಂವ,
ಚೂಕ ಅಂದ್ರ ನಮ್ಮೂರಾಗೂ ಚೂಕನ.

ಹೊಸಾ ಪಾಕೀಟು.
ಈ ಸಲ ಸೂರ್ಯ ಬ್ಯಾಡ, ರೊಟ್ಟಿ ಬರೀತೀನಿ,
ರೊಟ್ಟಿ ಮುರಿಯೂಕಿಂತ ಮೊದಲ ನುಂಗು, ಅಂತ
ದುಂಡಗ ಒಂದು ಗೆರಿ ಎಳದ್ಲು.
ಮತ್ತ ಚಂದ್ರನ ಆದ.
ಆಕಿಗೂ ನಗು ತಡಿಲಿಲ್ಲ.
ನಾ ಕೈ ಚಾಚಿ ಪೆನ್ನು ಇಸಗೊಂಡೆ,
ಜನ್ಮದಾಗ ಮೊದಲ ಸಲ,
ಹಂಚಿನ ಮ್ಯಾಲ ಎಲ್ಲೆಲ್ಲಿ ಹೊತ್ತತೈತೋ
ಅಲ್ಲಲ್ಲಿ ಕರಿ ಚುಕ್ಕಿ ಇಟ್ಟೆ.
ಈಗ ರೊಟ್ಟಿ ಆತು.

ಪೂರಾ ನಂಬ್ಯಾನ ಅಂತ ಹೇಳಂಗಿಲ್ಲ.
ಇವತ್ತಿಗೂ ಗುಳಿಗಿ ಒಂದು ಕೈಯಾಗ,
ರೊಟ್ಟಿ ಒಂದು ಕೈಯಾಗ ಹಿಡಕೊಂಡು
ನನ್ನ ಮಾರಿ ನೋಡತಾನ:
ನೀ ಇಲ್ಲೇ ಕುಂತಿರು,
ಚಾ ಡಬ್ಬಿ, ಸಕ್ರಿ ಡಬ್ಬಿ
ಕೈಗೆ ಎಟಕೂವಂಗ ಇಟ್ಕೋ.